ಅಬ್ಬಿಗೆ ಹರಿಯುವ ನೀರು ಮತ್ತು ಮಡಿಕೇರಿಯ ಆತಿಥ್ಯದ ಲೆಕ್ಕ

ಮಡಿಕೇರಿ: ಶನಿವಾರ ಬೆಳಗಾಯಿತೆಂದರೆ ಮೈಸೂರು ಕಡೆಯಿಂದ ಬರುವ ವಾಹನಗಳ ಸಾಲು ಕುಶಾಲನಗರ, ಸುಂಟಿಕೊಪ್ಪ ದಾಟಿ ಮಡಿಕೇರಿಯ ಬೆಟ್ಟ ಏರತೊಡಗುತ್ತದೆ. ಬಂದವರಲ್ಲಿ ಬಹುತೇಕರ ಪಟ್ಟಿಯಲ್ಲಿ ತಪ್ಪದೇ ಇರುವ ಹೆಸರು, ನಗರಕ್ಕೆ ಸಮೀಪದ ಅಬ್ಬಿ ಜಲಪಾತ. ಕಾಫಿ ತೋಟದ ನಡುವಿನ ಮೆಟ್ಟಿಲಿಳಿದು, ಧುಮ್ಮಿಕ್ಕುವ ನೀರಿನೆದುರು ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವವರಲ್ಲಿ ಹೆಚ್ಚಿನವರಿಗೆ ಒಂದು ಸಂಗತಿ ತಿಳಿದಿರುವುದಿಲ್ಲ. ಮಡಿಕೇರಿ ನಗರದ ಚರಂಡಿಗಳಲ್ಲಿ ಹರಿಯುವ ಕೊಳಚೆ ನೀರಿನ ಒಂದು ಪಾಲು ತೋಡುಗಳ ಮೂಲಕ ಇದೇ ಜಲಪಾತವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಹಾರಂಗಿ ಜಲಾಶಯ, ಕೂಡಿಗೆಯಲ್ಲಿ ಕಾವೇರಿ.

ಪ್ರವಾಸೋದ್ಯಮ ಒಂದು ಊರಿಗೆ ಏನು ಕೊಡುತ್ತದೆ, ಏನನ್ನು ಉಳಿಸಿ ಹೋಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಸುಸ್ಥಿರ ಪ್ರವಾಸೋದ್ಯಮ, ಜವಾಬ್ದಾರಿಯುತ ಪ್ರವಾಸೋದ್ಯಮ ಎಂಬ ಮಾತುಗಳು ವಿಚಾರ ಸಂಕಿರಣಗಳಲ್ಲಿ ಧಾರಾಳವಾಗಿ ಕೇಳಿಬರುತ್ತವೆ. ಆದರೆ ಮಡಿಕೇರಿಯಂತಹ ಗುಡ್ಡದ ನಗರಕ್ಕೆ ಇದು ಮೂಲತಃ ಲೆಕ್ಕದ ವಿಷಯ. ಎಷ್ಟು ಜನರಿಗೆ ನೀರಿದೆ, ಎಷ್ಟು ಜನರ ಕಸ ಸಾಗಿಸಲು ಸಾಧ್ಯ, ಎಷ್ಟು ಕಟ್ಟಡಗಳ ಭಾರವನ್ನು ಇಳಿಜಾರು ತಾಳಬಲ್ಲದು? ಈ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ಹೊಸ ಅತಿಥಿಗಳನ್ನು ಆಹ್ವಾನಿಸುವುದು ಆತಿಥ್ಯವೆನಿಸದು.

ಪುಟ್ಟ ನಗರ, ದೊಡ್ಡ ದಂಡು

2011ರ ಜನಗಣತಿಯ ಪ್ರಕಾರ ಇಡೀ ಕೊಡಗು ಜಿಲ್ಲೆಯ ಜನಸಂಖ್ಯೆ 5.54 ಲಕ್ಷ. ಮಡಿಕೇರಿ ನಗರದ್ದು ಸುಮಾರು 33 ಸಾವಿರ. ನಗರಸಭೆಯ ಪೌರಕಾರ್ಮಿಕರು, ನೀರಿನ ಕೊಳವೆಗಳು, ರಸ್ತೆಗಳು ಎಲ್ಲವೂ ಈ ಸಂಖ್ಯೆಗೆ ತಕ್ಕಂತೆ ರೂಪುಗೊಂಡವು. ಜಿಲ್ಲೆಗೆ ರೈಲು ಸಂಪರ್ಕವಿಲ್ಲ. ಬರುವವರೆಲ್ಲ ರಸ್ತೆಯಲ್ಲೇ ಬರಬೇಕು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಬಳಿಕ ರಾಜಧಾನಿಯಿಂದ ಮಡಿಕೇರಿ ಮತ್ತಷ್ಟು ಹತ್ತಿರವಾಗಿದೆ. ಹೆದ್ದಾರಿ ಅಗಲವಾದಂತೆ ರಾಜಾಸೀಟ್ ಸುತ್ತಲಿನ ರಸ್ತೆಗಳು ಅಗಲವಾಗಲಿಲ್ಲ.

ನೀರಿನ ಕಥೆಯೂ ಭಿನ್ನವಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಅಧಿಕ ಮಳೆ ಸುರಿಯುವ ಮಡಿಕೇರಿಯಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ತತ್ವಾರ ಎಂದರೆ ಹೊರಗಿನವರು ನಂಬಲಾರರು. ಬೆಟ್ಟದ ಮೇಲೆ ಬಿದ್ದ ನೀರು ನಿಲ್ಲದೆ ಕೆಳಗಿಳಿಯುತ್ತದೆ. ನಗರಕ್ಕೆ ಮುಖ್ಯ ಆಸರೆಯಾದ ಕೂಟುಹೊಳೆಯ ಹರಿವು ಮಾರ್ಚ್, ಏಪ್ರಿಲ್ ಹೊತ್ತಿಗೆ ಕ್ಷೀಣಿಸುತ್ತದೆ. ಶಾಲೆಗಳಿಗೆ ರಜೆ ಸಿಕ್ಕಿ ಬಯಲುಸೀಮೆಯ ಕುಟುಂಬಗಳು ತಂಪು ಅರಸಿ ಬರುವುದೂ ಅದೇ ಹೊತ್ತಿಗೆ. ನೀರು ಅತಿ ಕಡಿಮೆ ಇರುವಾಗಲೇ ನೆಂಟರು ಅತಿ ಹೆಚ್ಚು ಎಂಬುದು ಈ ಊರಿನ ವಿಪರ್ಯಾಸ.

ಬೆಟ್ಟ ಕೊಟ್ಟ ಎಚ್ಚರಿಕೆ

2018ರ ಆಗಸ್ಟ್‌ನಲ್ಲಿ ಸುರಿದ ಮಹಾಮಳೆಗೆ ಮಡಿಕೇರಿ ಸುತ್ತಲಿನ ಮಕ್ಕಂದೂರು, ಜೋಡುಪಾಲ ಮುಂತಾದ ಪ್ರದೇಶಗಳಲ್ಲಿ ಗುಡ್ಡಗಳು ಕುಸಿದವು. ಸುಮಾರು 20 ಮಂದಿ ಪ್ರಾಣ ಕಳೆದುಕೊಂಡರು. ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದರು. ಅಧ್ಯಯನ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಭಾರೀ ಮಳೆಯ ಜತೆಗೆ, ರಸ್ತೆ ಹಾಗೂ ಕಟ್ಟಡಗಳಿಗಾಗಿ ಇಳಿಜಾರನ್ನು ಅವೈಜ್ಞಾನಿಕವಾಗಿ ಕಡಿದದ್ದನ್ನೂ ಕಾರಣವೆಂದು ಗುರುತಿಸಿತು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿತ ಕಂಡವು. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಮಣ್ಣಿನಡಿ ಹೂತುಹೋದಾಗ ಕೊಡಗಿನ ಜನರಿಗೆ ನೆನಪಾದದ್ದು ತಮ್ಮದೇ ಗುಡ್ಡಗಳು.

ಕುಸಿತಕ್ಕೆ ಪ್ರವಾಸೋದ್ಯಮವೊಂದೇ ಕಾರಣವೆಂದು ದೂರುವುದು ನ್ಯಾಯವಲ್ಲ. ಆದರೆ ಮಂಜು ಮುಸುಕಿದ ಕಣಿವೆಯ ನೋಟಕ್ಕೆ ಬೆಲೆ ಬಂದ ಮೇಲೆ ಆ ನೋಟ ಸಿಗುವ ಕಡಿದಾದ ಅಂಚಿನಲ್ಲೇ ಕಟ್ಟಡಗಳು ಏಳತೊಡಗಿದ್ದು ಸುಳ್ಳಲ್ಲ. ಅತಿಥಿ ದುಡ್ಡು ಕೊಡುವುದು ಆ ನೋಟಕ್ಕೆ. ಅಪಾಯ ಇರುವುದೂ ಅಲ್ಲಿಯೇ.

ಹೋಂ ಸ್ಟೇ: ವರವೂ ಹೊರೆಯೂ

ಹೊಸ ಸಹಸ್ರಮಾನದ ಆರಂಭದಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಅನೇಕ ಬೆಳೆಗಾರ ಕುಟುಂಬಗಳ ಕೈಹಿಡಿದದ್ದು ಹೋಂ ಸ್ಟೇ. ತೋಟದ ಮನೆಯ ಒಂದೆರಡು ಕೋಣೆ ಬಿಟ್ಟುಕೊಟ್ಟು, ಮನೆಯವರೇ ಮಾಡಿದ ಕಡಂಬುಟ್ಟು, ನೂಲ್‌ಪುಟ್ಟು ಬಡಿಸುವ ಈ ವ್ಯವಸ್ಥೆಯಲ್ಲಿ ದುಡ್ಡು ಊರಿನಲ್ಲೇ ಉಳಿಯುತ್ತಿತ್ತು. ಅತಿಥಿಗಳ ಮೇಲೆ ಮನೆ ಯಜಮಾನರ ಕಣ್ಣೂ ಇರುತ್ತಿತ್ತು. ಜವಾಬ್ದಾರಿಯುತ ಪ್ರವಾಸೋದ್ಯಮ ಎಂದು ಇಂದು ಯಾವುದನ್ನು ಕರೆಯಲಾಗುತ್ತಿದೆಯೋ ಅದು ಇಲ್ಲಿ ಮೊದಲೇ ಇತ್ತು.

ಕಾಲಕ್ರಮೇಣ ಹೆಸರಷ್ಟೇ ಉಳಿದು ಹೂರಣ ಬದಲಾದ ಪ್ರಕರಣಗಳು ಹೆಚ್ಚಿದವು. ಮಾಲೀಕರು ವಾಸವಿಲ್ಲದ, ಗುತ್ತಿಗೆಗೆ ಪಡೆದು ಲಾಡ್ಜ್‌ನಂತೆ ನಡೆಸುವ, ನೋಂದಣಿಯೇ ಇಲ್ಲದ ಹೋಂ ಸ್ಟೇಗಳ ಬಗ್ಗೆ ಜಿಲ್ಲೆಯಲ್ಲಿ ದೂರುಗಳು ಹಳೆಯವು. ನಿಯಮ ಪಾಲಿಸುವ ಕುಟುಂಬಕ್ಕೆ ಇದರಿಂದ ಎರಡು ಪಟ್ಟು ನಷ್ಟ. ಅಗ್ಗದ ಪೈಪೋಟಿ ಒಂದೆಡೆಯಾದರೆ, ಕೆಟ್ಟ ಹೆಸರು ಇನ್ನೊಂದೆಡೆ. ಆದ್ದರಿಂದ ನೋಂದಣಿ ಎಂಬುದು ಫಲಕ ತೂಗುಹಾಕುವ ವಿಧಿಯಾಗಿ ಉಳಿಯಬಾರದು. ಮನೆಯವರ ವಾಸ, ಸರಿಯಾದ ಶೌಚಗುಂಡಿ, ಹಸಿ ಕಸದ ವಿಲೇವಾರಿ ಮತ್ತು ಇಳಿಜಾರಿನ ಸುರಕ್ಷತೆ, ಈ ನಾಲ್ಕನ್ನೂ ಸ್ಥಳದಲ್ಲಿ ಪರಿಶೀಲಿಸಿದ ಬಳಿಕವೇ ಅನುಮತಿ ಹಾಗೂ ನವೀಕರಣ ದೊರೆಯುವಂತಾಗಬೇಕು.

ಮಿತಿ ಹೇರಿದವರ ಅನುಭವ

ಸಂಖ್ಯೆಗೆ ಮಿತಿ ಎಂದೊಡನೆ ವ್ಯಾಪಾರ ಕೆಡುತ್ತದೆಂಬ ಆತಂಕ ಸಹಜ. ಆದರೆ ಇದು ಅಪರಿಚಿತ ಕ್ರಮವಲ್ಲ. ಮದ್ರಾಸ್ ಹೈಕೋರ್ಟ್ ಆದೇಶದಂತೆ ನೀಲಗಿರಿ ಮತ್ತು ಕೊಡೈಕೆನಾಲ್‌ಗೆ 2024ರ ಮೇ 7ರಿಂದ ಇ-ಪಾಸ್ ಜಾರಿಗೆ ಬಂತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6 ಸಾವಿರ, ವಾರಾಂತ್ಯದಲ್ಲಿ 8 ಸಾವಿರ ವಾಹನಗಳ ಮಿತಿ ವಿಧಿಸಲಾಯಿತು. ಎಷ್ಟು ವಾಹನ ಬರುತ್ತಿವೆ ಎಂಬ ಲೆಕ್ಕ ಆಡಳಿತದ ಕೈಗೆ ಸಿಕ್ಕಿದ್ದೇ ಇದರ ಮೊದಲ ಲಾಭ.

ಕರ್ನಾಟಕದಲ್ಲೂ ಇದಕ್ಕೆ ನಾಂದಿಯಾಗಿದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಚಾರಣಿಗರ ಜಾತ್ರೆಯೇ ನೆರೆದ ನಂತರ ಅರಣ್ಯ ಇಲಾಖೆ ಮುಂಗಡ ಆನ್‌ಲೈನ್ ನೋಂದಣಿಯ ವ್ಯವಸ್ಥೆಗೆ ಮುಂದಾಯಿತು. ಅದೇ ವರ್ಷ ಚಾಲನೆ ಪಡೆದ 'ಅರಣ್ಯ ವಿಹಾರ' ಜಾಲತಾಣದಲ್ಲಿ ಒಂದು ಚಾರಣಪಥಕ್ಕೆ ದಿನಕ್ಕೆ 300 ಮಂದಿಯ ಮಿತಿ ನಿಗದಿಯಾಯಿತು. ಕಾಡಿಗೆ ಅನ್ವಯವಾದ ಈ ತರ್ಕ ಅಬ್ಬಿ, ರಾಜಾಸೀಟ್, ಮಾಂದಲ್‌ಪಟ್ಟಿಗಳಿಗೆ ಏಕೆ ಅನ್ವಯವಾಗಬಾರದು?

ಊರಿಗೆ ಲಾಭ ಹಂಚುವ ಬಗೆಗೆ ಕೇರಳದಲ್ಲಿ ಪಾಠವಿದೆ. 2008ರಲ್ಲಿ ಕುಮರಗಂನಲ್ಲಿ ಆರಂಭವಾದ ಜವಾಬ್ದಾರಿ ಪ್ರವಾಸೋದ್ಯಮ ಯೋಜನೆಯಲ್ಲಿ ಕುಟುಂಬಶ್ರೀ ಮಹಿಳಾ ಗುಂಪುಗಳು ಬೆಳೆದ ತರಕಾರಿಯನ್ನು ಅಲ್ಲಿನ ಹೋಟೆಲ್‌ಗಳೇ ಕೊಳ್ಳುವ ಏರ್ಪಾಡಾಯಿತು. 2017ರಲ್ಲಿ ಅದು ರಾಜ್ಯವ್ಯಾಪಿ ಮಿಷನ್ ಆಯಿತು. ಕಾಫಿ, ಕಿತ್ತಳೆ, ಏಲಕ್ಕಿ, ಕಾಳುಮೆಣಸು, ಜೇನು ಬೆಳೆಯುವ ಕೊಡಗಿನಲ್ಲಿ ಇಂತಹ ಏರ್ಪಾಡಿಗೆ ಸರಕಿನ ಕೊರತೆಯಂತೂ ಇಲ್ಲ.

ನಗರ ಮಾಡಬಹುದಾದದ್ದೇನು?

ಮೊದಲನೆಯದು, ಎಣಿಕೆ. ನಗರದ ಪ್ರವೇಶದಲ್ಲೇ ವಾಹನಗಳ ಲೆಕ್ಕವಿಟ್ಟು, ದೀರ್ಘ ವಾರಾಂತ್ಯಗಳಲ್ಲಿ ಮುಂಗಡ ನೋಂದಣಿ ತರುವುದು. ಎರಡನೆಯದು, ವಾಹನ ನಿಲುಗಡೆಯನ್ನು ನಗರದ ಹೊರವಲಯಕ್ಕೆ ಒಯ್ದು ಅಲ್ಲಿಂದ ಪ್ರೇಕ್ಷಣೀಯ ಸ್ಥಳಗಳಿಗೆ ಸಣ್ಣ ಬಸ್ಸುಗಳನ್ನು ಓಡಿಸುವುದು. ಮೂರನೆಯದು, ಕಳೆದ ದಶಕದಿಂದ ಕುಂಟುತ್ತ ಸಾಗಿದ ಒಳಚರಂಡಿ ಕಾಮಗಾರಿಯನ್ನು ಉಳಿದೆಲ್ಲ ಸೌಂದರ್ಯೀಕರಣ ಯೋಜನೆಗಳಿಗಿಂತ ಮುಂದಿಡುವುದು. ಕೊಳಚೆ ಅಬ್ಬಿಗೆ ಹರಿಯುವವರೆಗೆ ಜಲಪಾತದ ಬಳಿ ಎಷ್ಟೇ ಉದ್ಯಾನ ನಿರ್ಮಿಸಿದರೂ ಅದು ಮೇಲ್ಪದರದ ಸಿಂಗಾರ ಮಾತ್ರ.

ನಾಲ್ಕನೆಯದು, ಕಸದ ವೆಚ್ಚವನ್ನು ಕಸ ಸೃಷ್ಟಿಸುವವರೇ ಭರಿಸುವಂತೆ ಮಾಡುವುದು. ಕೇಂದ್ರದ ಘನತ್ಯಾಜ್ಯ ನಿಯಮಗಳು 2016ರಲ್ಲೇ ಹೋಟೆಲ್‌ಗಳಿಗೆ ಕಸ ವಿಂಗಡಣೆಯ ಹೊಣೆ ವಹಿಸಿದ್ದವು. ಪ್ರವೇಶ ಶುಲ್ಕದ ಒಂದು ನಿಶ್ಚಿತ ಪಾಲನ್ನು ಕಸ ಮತ್ತು ನೀರಿನ ನಿರ್ವಹಣೆಗೇ ಮೀಸಲಿಟ್ಟು, ಆ ಲೆಕ್ಕವನ್ನು ಸಾರ್ವಜನಿಕರ ಮುಂದಿಟ್ಟರೆ ಶುಲ್ಕಕ್ಕೆ ಗೌರವವೂ ಬರುತ್ತದೆ.

ಐದನೆಯದು, ಜನರನ್ನು ಹಂಚುವುದು. ಕೋಟೆ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇಗುಲ, ರಾಜರ ಗದ್ದಿಗೆಗಳು ನಗರದಲ್ಲೇ ಇವೆ. ಕಕ್ಕಬ್ಬೆ ಸಮೀಪದ ನಾಲ್ಕುನಾಡು ಅರಮನೆಯಂತಹ ತಾಣಗಳಿಗೆ ಸ್ಥಳೀಯ ಯುವಕ ಯುವತಿಯರನ್ನೇ ಮಾರ್ಗದರ್ಶಕರನ್ನಾಗಿ ತರಬೇತುಗೊಳಿಸಿದರೆ ಉದ್ಯೋಗವೂ ಆದೀತು, ದಟ್ಟಣೆಯೂ ತಗ್ಗೀತು. ಆದರೆ ಹಂಚಿಕೆಯ ಹೆಸರಿನಲ್ಲಿ ಎಲ್ಲವನ್ನೂ ತೆರೆದಿಡಬೇಕಾಗಿಲ್ಲ. ಜಿಲ್ಲೆಯ 1,214 ದೇವರಕಾಡುಗಳು ಉಳಿದಿರುವುದು ಅಲ್ಲಿ ಕೊಡಲಿ ಹಾಕಬಾರದೆಂಬ ಕಟ್ಟುಪಾಡಿನಿಂದ. ತಲಕಾವೇರಿಯೂ ಜನರ ಪಾಲಿಗೆ ಮೊದಲು ತೀರ್ಥ, ಆಮೇಲೆ ಪ್ರೇಕ್ಷಣೀಯ ಸ್ಥಳ.

ಪ್ರವಾಸಿಗರ ಪಾಲೂ ಇದೆ. ನೋಂದಾಯಿತ ಹೋಂ ಸ್ಟೇಯನ್ನೇ ಆರಿಸಿಕೊಳ್ಳುವುದು, ವಾರದ ನಡುವೆ ಬರುವುದು, ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯುವುದು, ಮಳೆಗಾಲದ ಎಚ್ಚರಿಕೆಗಳನ್ನು ಗೌರವಿಸುವುದು ಕಷ್ಟದ ಕೆಲಸಗಳಲ್ಲ. ಕೊಡಗಿನಲ್ಲಿ ಹುಟ್ಟುವ ಕಾವೇರಿಯ ನೀರನ್ನೇ ಮೈಸೂರು, ಮಂಡ್ಯ, ಬೆಂಗಳೂರುಗಳು ಕುಡಿಯುತ್ತವೆ. ವಾರಾಂತ್ಯದಲ್ಲಿ ಬೆಟ್ಟದ ಮೇಲೆ ಬಿಟ್ಟುಹೋದದ್ದು ಮತ್ತೆ ಮನೆಯ ನಲ್ಲಿಯತ್ತಲೇ ಹರಿದುಬರುವ ದಾರಿಯಿದೆ ಎಂಬ ಅರಿವು ಬಂದರೆ, ಮಡಿಕೇರಿಯ ಹೊಣೆ ಮಡಿಕೇರಿಯವರದ್ದಷ್ಟೇ ಎಂಬ ಭಾವನೆ ತಾನಾಗಿಯೇ ದೂರವಾದೀತು.