ಯಾವ ಕಾಲು ಪೆಡಲ್ಲಿಗೆ, ಯಾವ ಕಾಲು ನೆಲಕ್ಕೆ?

ಚನ್ನಗಿರಿಯ ಅಡಿಕೆ ತೋಟದ ದಾರಿಯಿರಲಿ, ಜಗಳೂರಿನ ಬಯಲಿರಲಿ, ಸೈಕಲ್ ಕಲಿಸುವವರ ಮೊದಲ ಪಾಠ ಒಂದೇ: "ಎಡಗಾಲು ಪೆಡ್ಲಿಗಿಡು, ಬಲಗಾಲಲ್ಲಿ ನೆಲ ಒದಿ." ಯಾಕೆ ಎಂದು ಮಗು ಕೇಳಿದರೆ ಮಾತ್ರ ಮನೆಗೊಂದು ಉತ್ತರ. ಆ ಉತ್ತರಗಳಲ್ಲಿ ಒಂದೆರಡು ಅರ್ಧ ನಿಜ, ಉಳಿದವು ಬರೀ ಬಾಯಿಮಾತು.

"ಚೈನು ಬಲಗಡೆ ಇರೋದ್ರಿಂದ ಎಡಗಡೆಯಿಂದ ಹತ್ತಬೇಕು"

ಹೆಚ್ಚು ಜನ ಒಪ್ಪುವ ಕಾರಣ ಇದು. ಪಂಚೆಗೆ ಗ್ರೀಸ್ ಮೆತ್ತಬಾರದು, ಪಾಯಿಜಾಮದ ಅಂಚು ಹಲ್ಲುಚಕ್ರಕ್ಕೆ ಸಿಗಬಾರದು. ಮಾತೇನೋ ಸರಿ, ಕಾಲಗಣನೆ ಒಪ್ಪುವುದಿಲ್ಲ. ಹಿಂದಿನ ಗಾಲಿಗೆ ಚೈನು ಹಾಕಿದ ಇಂದಿನ ಮಾದರಿ ನೆಲೆಯೂರಿದ್ದು 1885ರಲ್ಲಿ, ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಂದ ರೋವರ್ ಸೈಕಲ್ಲಿನಿಂದ. ಅದಕ್ಕೆ ಮುಂಚೆ ಓಡಾಡುತ್ತಿದ್ದದ್ದು ಮುಂದೆ ಭಾರಿ ಗಾಲಿ, ಹಿಂದೆ ಪುಟ್ಟ ಗಾಲಿಯ ಎತ್ತರದ ಸೈಕಲ್. ಅದರ ಪೆಡಲ್ ನೇರ ಮುಂದಿನ ಗಾಲಿಗೇ ಕೂಡಿತ್ತು, ಚೈನೆಂಬುದೇ ಇರಲಿಲ್ಲ. ಆದರೂ ಹಿಂದಿನಿಂದ ಹತ್ತಲು ಇಟ್ಟಿದ್ದ ಪುಟ್ಟ ಮೆಟ್ಟಿಲು ಹೆಚ್ಚಿನವುಗಳಲ್ಲಿ ಎಡಬದಿಗೇ ಇತ್ತು. ಅದಕ್ಕೂ ಹಿಂದೆ ಕುದುರೆಯನ್ನೂ ಎಡದಿಂದಲೇ ಏರುತ್ತಿದ್ದರು; ಕತ್ತಿಯ ಒರೆ ಎಡ ಸೊಂಟದಲ್ಲಿ ತೂಗುತ್ತಿದ್ದುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಅಂದರೆ ಎಡದಿಂದ ಹತ್ತುವ ರೂಢಿ ಚೈನಿಗಿಂತ ಹಳೆಯದು. ಹತ್ತುವವರು ಎಡದಲ್ಲಿದ್ದರೆಂದು ಚೈನು ಬಲಕ್ಕೆ ಸರಿಯಿತು ಎಂದರೆ ಹೆಚ್ಚು ಹೊಂದುತ್ತದೆ.

ಇನ್ನೊಂದು ಮಾತು. ಹತ್ತುವ ಅರೆಗಳಿಗೆ ಬಟ್ಟೆ ಉಳಿದರೂ ಆಮೇಲೆ ದಾರಿಯುದ್ದಕ್ಕೂ ಬಲಗಾಲು ಚೈನಿನ ಪಕ್ಕದಲ್ಲೇ ತಿರುಗುತ್ತಿರುತ್ತದೆ. ಬಟ್ಟೆ ಕಾಯುವುದು ಚೈನ್ ಕವರ್. ಅದು ಕಳಚಿಬಿದ್ದ ಸೈಕಲ್ಲಿಗೆ ಎಡಗಡೆಯಿಂದ ಹತ್ತಿದರೂ ಅಷ್ಟೇ, ಬಲಗಡೆಯಿಂದ ಹತ್ತಿದರೂ ಅಷ್ಟೇ.

"ನಾವು ರಸ್ತೆಯ ಎಡಕ್ಕೆ ಹೋಗ್ತೀವಲ್ಲ, ಅದಕ್ಕೆ"

ಬಲಕ್ಕೆ ಹೋಗುವ ದೇಶಗಳಲ್ಲೂ ಚೈನು ಬಲಗಡೆಯೇ ಇದೆ, ಎಡದಿಂದ ಹತ್ತುವವರೂ ಬೇಕಾದಷ್ಟಿದ್ದಾರೆ. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಇಡೀ ದೇಶದ ಸಂಚಾರವನ್ನು ಎಡದಿಂದ ಬಲಕ್ಕೆ ಬದಲಾಯಿಸಿತು. ಸೈಕಲ್ಲಿನ ಚೈನು ಇದ್ದಲ್ಲೇ ಇತ್ತು. ಆದ್ದರಿಂದ ಹತ್ತುವ ವಿಷಯದಲ್ಲಿ ಈ ಕಾರಣ ನಿಲ್ಲುವುದಿಲ್ಲ.

ನಿಲ್ಲಿಸುವ ವಿಷಯದಲ್ಲಿ ಮಾತ್ರ ಇದರಲ್ಲಿ ಹುರುಳಿದೆ. ಎಡಗಾಲು ಊರಿದರೆ ಸೈಕಲ್ಲು ರಸ್ತೆಯಂಚಿನ ಕಡೆ ವಾಲುತ್ತದೆ, ಬಸ್ಸು ಲಾರಿಗಳ ಕಡೆಗಲ್ಲ. ಪೇಟೆಗಳಲ್ಲಿ ಫುಟ್‌ಪಾತಿನ ಕಲ್ಲು ಎತ್ತರಕ್ಕಿರುವುದರಿಂದ ಸೀಟಿನಿಂದ ಇಳಿಯದೆಯೇ ಅದರ ಮೇಲೆ ಕಾಲಿಡಬಹುದು. ಎಡಗಾಲೇ ಕ್ಷೇಮ ಎಂಬ ನಿಯಮ ಇಂಥ ರಸ್ತೆಗಳಿಗೆ ಹೇಳಿ ಮಾಡಿಸಿದ್ದು.

ನಮ್ಮ ಹಳ್ಳಿ ರಸ್ತೆಗಳ ಅಂಚು ಹಾಗಿಲ್ಲ. ಡಾಂಬರು ಮುಗಿದಲ್ಲಿ ಕಲ್ಲು ಏಳುವುದಿಲ್ಲ, ಮಣ್ಣು ತಗ್ಗುತ್ತದೆ. ಮೇಲಾಗಿ ನೀರು ಹರಿದುಹೋಗಲೆಂದು ರಸ್ತೆಯನ್ನೇ ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ರೂಢಿಯಂತೆ ಎಡಗಾಲು ಚಾಚಿದಾಗ ನೆಲ ಸಿಗಬೇಕಾದ ಜಾಗದಲ್ಲಿ ಸಿಗದೆ, ಅಷ್ಟರಲ್ಲಿ ವಾಲಿಬಿಟ್ಟ ಸೈಕಲ್ಲು ಸವಾರನನ್ನೂ ಚೀಲವನ್ನೂ ಚರಂಡಿಗೆ ಕೊಡುತ್ತದೆ. ಕೊಯ್ಲಿನ ಕಾಲದಲ್ಲಿ ಈ ಸೀಮೆಯ ರಸ್ತೆಗಳ ಮೇಲೆ ಮೆಕ್ಕೆಜೋಳ ಹರಡಿರುತ್ತಾರೆ. ಕಾಳಿನ ಮೇಲೆ ಊರಿದ ಕಾಲು, ಎಡವಾದರೇನು ಬಲವಾದರೇನು, ಜಾರುವುದೇ. ಚನ್ನಗಿರಿ, ಹೊನ್ನಾಳಿ ಕಡೆಯ ಭದ್ರಾ ನಾಲೆಯ ಏರಿಯ ಮೇಲೆ ಹೋಗುವಾಗ ನೀರು ಎಡಕ್ಕಿದ್ದರೆ? ಬಲಗಾಲೇ ಊರಬೇಕು. ವಾಪಸ್ ಬರುವಾಗ ಅದೇ ನೀರು ಬಲಕ್ಕಿರುತ್ತದೆ, ಆಗ ಎಡಗಾಲು. ಎರಡೂ ಕಾಲಿಗೆ ಇಳಿಯುವ ಅಭ್ಯಾಸ ಬೇಕೆನ್ನುವುದು ಇಂಥ ಕಡೆಗಳಿಗಾಗಿ. ಬಿಡುವಿನಲ್ಲಿ, ಶಾಲೆಯ ಮೈದಾನದಲ್ಲಿ, ರೂಢಿಯಿಲ್ಲದ ಕಾಲು ಊರಿ ನಿಲ್ಲಿಸುವುದನ್ನು ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

"ಬಲಗೈ ಬಳಸೋರಿಗೆ ಬಲಗಾಲಿಗೇ ಬಲ"

ಹೆಚ್ಚಿನವರಿಗೆ ಬಲಗಾಲು ರೂಢಿ ಎಂಬುದು ನಿಜ, ಆದರೆ ಕೈ ಮತ್ತು ಕಾಲು ಒಂದೇ ಬದಿಯವು ಆಗಬೇಕೆಂದಿಲ್ಲ. ಎಡಗೈಯಲ್ಲಿ ಬರೆದು ಬಲಗಾಲಲ್ಲಿ ಚೆಂಡು ಒದೆಯುವವರು ಎಲ್ಲ ಶಾಲೆಗಳಲ್ಲೂ ಸಿಗುತ್ತಾರೆ. ಬಲ ಎಂಬ ಮಾತೂ ಇಲ್ಲಿ ಪೂರ್ತಿ ಸರಿಯಲ್ಲ. ಚೆಂಡು ಒದೆಯುವಾಗ ಬಲಗಾಲು ಕೆಲಸ ಮಾಡುತ್ತದೆ, ಆ ಹೊತ್ತಿಗೆ ಮೈಯನ್ನೆಲ್ಲ ಹೊತ್ತು ನಿಲ್ಲುವುದು ಎಡಗಾಲು. ಎಡ ಪೆಡಲ್ ಮೇಲೆ ನಿಂತು, ಬಲಗಾಲಲ್ಲಿ ನೆಲ ಒದ್ದು, ಅದನ್ನೇ ಹಿಂದಿನಿಂದ ಬೀಸಿ ಕೂರುವ ನಮ್ಮ ಹಳೆಯ ಪದ್ಧತಿಯಲ್ಲೂ ಕೆಲಸ ಹಂಚಿಕೆ ಹೀಗೇ ಇದೆ. ಮೊದಲೇ ಎರಡೂ ಕಡೆ ಕಾಲು ಹಾಕಿ, ಎಡಗಾಲು ಊರಿ, ಬಲ ಪೆಡಲ್ ತುಳಿದು ಹೊರಡುವವರದೂ ಅದೇ. ಎಡಗಾಲಲ್ಲಿ ಒದೆಯುವ ಮಗುವಿಗೆ ಇದು ಉಲ್ಟಾ ಅನಿಸಬಹುದು. ಅದನ್ನು ಬಲಗಡೆಯಿಂದಲೇ ಹತ್ತಲು ಬಿಡಿ, ಚೈನ್ ಕವರ್ ಇದ್ದರೆ ಸಾಕು.

ಸದಾ ಒಂದೇ ಕಾಲಲ್ಲಿ ಹೊರಟರೆ ಆ ಕಾಲು ದಪ್ಪವಾಗುತ್ತದೆ ಎನ್ನುವವರಿದ್ದಾರೆ. ಮೊದಲ ತುಳಿತ ಒಂದೇ ಒಂದು, ಆಮೇಲಿನದೆಲ್ಲ ಎರಡೂ ಕಾಲಿಗೆ ಸಮಪಾಲು.

"ಬಲಗಾಲಿಟ್ಟು ಹತ್ತಬೇಕು"

ಹೊಸ ಸೈಕಲ್ಲಿಗೆ ಕುಂಕುಮ ಹಚ್ಚಿ, ಗಾಲಿಯಡಿ ನಿಂಬೆಹಣ್ಣಿಟ್ಟ ಅಜ್ಜಿ ಹೇಳುವ ಮಾತು. ಎಡಗಡೆ ನಿಂತು ಎಡ ಪೆಡಲ್ಲಿಗೆ ಬಲಗಾಲಿಟ್ಟರೆ ಕೂರುವ ಹೊತ್ತಿಗೆ ಮುಖ ಕ್ಯಾರಿಯರ್ ಕಡೆ ಇರುತ್ತದೆ! ಅಜ್ಜಿಯ ಮಾತೂ ಉಳಿಯಬೇಕೆಂದರೆ ಎರಡೂ ಕಡೆ ಕಾಲು ಹಾಕಿ ನಿಂತು, ಬಲ ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿ ಮೇಲೆ ತಂದು, ಬಲಗಾಲಿಂದ ತುಳಿದು ಹೊರಡಿ. ನೋಡಿದರೆ ಕಲಿಯುವವರಿಗೆ ಇದೇ ಸುಲಭ. ಪೆಡಲ್ ಪೂರ್ತಿ ಮೇಲಿರಬಾರದು, ತುಸು ಮುಂದಿರಬೇಕು. ಬಲಗಡೆಯಿಂದ ನೋಡಿದರೆ ಗಡಿಯಾರದ ಮುಳ್ಳು 2 ಗಂಟೆಗೆ ಇರುವ ಜಾಗ. ಅಲ್ಲಿಂದ ತುಳಿದರೆ ಸೈಕಲ್ಲು ಮುಂದೆ ಹೋಗುತ್ತದೆ, ಮೈ ತಾನಾಗಿ ಸೀಟಿನ ಮೇಲೇರುತ್ತದೆ.

2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲಿ 8ನೇ ತರಗತಿಯ ಹುಡುಗಿಯರಿಗೆ ಸಿಕ್ಕಿದ್ದು ನಡುವಿನ ಅಡ್ಡಪಟ್ಟಿಯಿಲ್ಲದ ಸೈಕಲ್. ಹಿಂದಿನಿಂದ ಕಾಲು ಬೀಸುವ ಅಗತ್ಯವೇ ಅದರಲ್ಲಿಲ್ಲ. ಯಾವ ಕಡೆಯಿಂದ ಬೇಕಾದರೂ ಕಾಲು ದಾಟಿಸಬಹುದು. ಆದರೂ ನ್ಯಾಮತಿಯ ಶಾಲೆ ಬಿಡುವ ಹೊತ್ತಿಗೆ ನಿಂತು ನೋಡಿ, ಬಹುಪಾಲು ಎಡದಿಂದಲೇ. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ, ಹಾಲಿನ ಕ್ಯಾನು ಕಟ್ಟಿದವರೂ ಕಾಲು ಬೀಸಲಾರರು, ಮುಂದಿನಿಂದ ದಾಟಿಸುತ್ತಾರೆ. ಹಿಂದೆ ಸೀರೆಯುಟ್ಟವರು ಎಡಕ್ಕೆ ಕಾಲು ಇಳಿಬಿಟ್ಟು ಕೂತಿದ್ದರೆ ಭಾರ ಎಡಕ್ಕೇ ಎಳೆಯುವುದರಿಂದ ಸವಾರನಿಗೆ ಎಡಗಾಲು ಊರದೆ ಗತಿಯಿಲ್ಲ.

"ಕೂತಲ್ಲಿಂದಲೇ ಎರಡೂ ಕಾಲು ನೆಲ ಮುಟ್ಟಬೇಕು"

ಹೀಗೆಂದುಕೊಂಡು ಸೀಟನ್ನು ಪೂರ್ತಿ ಇಳಿಸಿದ ಸೈಕಲ್ಲುಗಳಲ್ಲಿ ಮಂಡಿ ಎದೆಗೆ ಬಡಿಯುತ್ತಿರುತ್ತದೆ. ಪೆಡಲ್ ತಳಕ್ಕೆ ಬಂದಾಗ ಮಂಡಿ ಸ್ವಲ್ಪವೇ ಮಡಚಿರುವುದು ಸರಿಯಾದ ಎತ್ತರ. ಆಗ ಕೂತಲ್ಲಿಂದ ಪಾದ ಪೂರ್ತಿ ನೆಲಕ್ಕೆ ಊರುವುದಿಲ್ಲ. ನಿಲ್ಲುವಾಗ ಸೀಟು ಬಿಟ್ಟು ಮುಂದಕ್ಕೆ ಇಳಿಯಬೇಕು. ಕಲಿಯುವ ಮೊದಲ ದಿನಗಳಿಗೆ ತಗ್ಗು ಸೀಟು ಸರಿ, ಆಮೇಲೆ ಏರಿಸಿ.

"ಬ್ರೇಕ್ ಹಿಡೀದಿದ್ರೂ ಕಾಲಿದೆಯಲ್ಲ"

ಎಳೆದ ಕಾಲು ಹಿಡಿಯುವುದು ಅದರ ಮೇಲೆ ನೀವು ಹಾಕಿದ ಭಾರದಷ್ಟನ್ನು ಮಾತ್ರ, ಸೀಟಿನ ಮೇಲೆ ಕೂತವರ ಭಾರವೆಲ್ಲ ಗಾಲಿಗಳ ಮೇಲಿರುತ್ತದೆ. ಇಳಿಜಾರಿನಲ್ಲಿ ಇದರಿಂದ ಸೈಕಲ್ಲು ನಿಲ್ಲುವುದಿಲ್ಲ, ಪಾದ ಪೆಡಲ್ಲಿಗೆ ಸಿಕ್ಕಿ ಹಿಮ್ಮಡಿ ಸುಲಿಯುತ್ತದೆ. ನಿಲ್ಲಿಸುವುದು ಬ್ರೇಕಿನ ಕೆಲಸ; ಸೈಕಲ್ಲು ನಿಂತ ಮೇಲೆ ಬೀಳದಂತೆ ಹಿಡಿಯುವುದಷ್ಟೇ ಕಾಲಿನ ಕೆಲಸ. ಸವೆದ ಬ್ರೇಕ್ ರಬ್ಬರ್ ಹಾಕಿಸುವುದು ಒಂದು ಜೊತೆ ಚಪ್ಪಲಿಗಿಂತ ಅಗ್ಗ.