ಪುಟಾಣಿ ರೈಲಿಗೂ ಹ್ಯಾಮ್ ರೇಡಿಯೊಗೂ ಏನು ನಂಟು?



ಈ ಸಲ ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ನಿಮ್ಮ ಪರಿಚಯದವರೊಬ್ಬರ ಮನೆಯಲ್ಲಿ ಮೇಜಿನ ಮೇಲೆ ಓಡುವ ಮಾದರಿ ರೈಲು ಇದೆ ಅಂದುಕೊಳ್ಳಿ. ಕೀಲಿ ಕೊಟ್ಟು ಬಿಡುವ ಮಕ್ಕಳ ಆಟಿಕೆಯಲ್ಲ. ದೊಡ್ಡವರು ವರ್ಷಗಟ್ಟಲೆ ಕೂತು ಕಟ್ಟುವ, ಹಳಿ, ಸಿಗ್ನಲ್, ಸ್ಟೇಷನ್ ಎಲ್ಲ ಇರುವ, ಡಿಜಿಟಲ್ ನಿಯಂತ್ರಣದ ರೈಲು. ಆ ಹಳಿಯ ಪಕ್ಕದಲ್ಲಿ ಒಂದು ಹಳೆಯ ಟ್ರಾನ್ಸಿಸ್ಟರ್ ಇಟ್ಟು, ಮೀಡಿಯಂ ವೇವ್‌ನಲ್ಲಿ ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ. ಜೇನುಗೂಡಿನ ಹತ್ತಿರ ಕಿವಿ ಇಟ್ಟಂತೆ 'ಗುಂಯ್' ಎಂಬ ಸದ್ದು ಕೇಳುವ ಸಾಧ್ಯತೆ ಹೆಚ್ಚು. ತಮಾಷೆ ಎಂದರೆ, ರೈಲು ನಿಂತಿದ್ದರೂ ಸದ್ದು ನಿಲ್ಲುವುದಿಲ್ಲ!

ಅದು ಮೋಟಾರಿನ ಸದ್ದಲ್ಲ. ಹಳಿಯಲ್ಲಿ ಬಿಡುವಿಲ್ಲದೆ ಹರಿಯುತ್ತಿರುವ ಸಂದೇಶದ ಸದ್ದು. ನಮಗೆ ಅದು ಕರಕರೆ, ಎಂಜಿನ್‌ಗೆ ಮಾತು. ಮಾದರಿ ರೈಲಿನ ಹವ್ಯಾಸಿಗಳಲ್ಲಿ ಕೆಲವರು ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ ಕಡೆಗೂ ಒಲಿಯುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಈ ಸದ್ದಿನೊಳಗೇ ಇದೆ.

ರೈಲು, ತಂತಿ ಜೊತೆಯಾಗಿ ಬೆಳೆದವು

ಸ್ವಲ್ಪ ಹಿಂದಕ್ಕೆ ಹೋಗೋಣ. 1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರ್‌ಗೆ ಕಳಿಸಿದ ಪ್ರಸಿದ್ಧ ತಂತಿ ಸಂದೇಶ ಹೋದದ್ದು ರೈಲು ಹಳಿಯ ಪಕ್ಕದಲ್ಲೇ ಎಳೆದ ತಂತಿಯ ಮೇಲೆ. ಆದರೆ ರೈಲು ಓಡಿಸುವವರು ಆ ತಂತಿಯನ್ನು ನಂಬಲು ಇನ್ನೂ ಕೆಲವು ವರ್ಷ ಬೇಕಾಯಿತು.

1851ರಲ್ಲಿ ಅಮೆರಿಕದ ಈರಿ ರೈಲ್ವೆಯ ಮೇಲಧಿಕಾರಿ ಚಾರ್ಲ್ಸ್ ಮೈನಾಟ್ ಒಂದು ರೈಲಿನಲ್ಲಿ ಹೋಗುತ್ತಿದ್ದ. ಒಂಟಿ ಹಳಿ. ಎದುರಿನಿಂದ ಬರಬೇಕಾದ ಗಾಡಿ ಬರುವವರೆಗೆ ಕಾಯಬೇಕು, ಅದೇ ನಿಯಮ. ಕಾದು ಬೇಸತ್ತ ಮೈನಾಟ್, ಸುಮಾರು 22 ಕಿಲೋಮೀಟರ್ ಮುಂದಿದ್ದ ಗೋಶನ್ ನಿಲ್ದಾಣಕ್ಕೆ ತಂತಿ ಕೊಟ್ಟ: ಎದುರು ಗಾಡಿ ಬಂದರೆ ಅಲ್ಲೇ ತಡೆದು ನಿಲ್ಲಿಸಿ. ಉತ್ತರ ಬಂತು. ಹೊರಡು ಎಂದು ಡ್ರೈವರ್‌ಗೆ ಹೇಳಿದರೆ ಆತ ಖಡಾಖಂಡಿತವಾಗಿ ಒಲ್ಲೆ ಎಂದ. ತಂತಿಯ ಟಕಟಕ ನಂಬಿ ಎದುರು ಗಾಡಿಯ ಬಾಯಿಗೆ ಹೋಗುವುದೆ? ಕೊನೆಗೆ ಮೈನಾಟ್ ತಾನೇ ಎಂಜಿನ್ ಓಡಿಸಿದ. ಡ್ರೈವರ್ ಮಾತ್ರ ಡಿಕ್ಕಿಯ ಭಯಕ್ಕೆ ಕಟ್ಟಕಡೆಯ ಬೋಗಿಗೆ ಹೋಗಿ ಕೂತ ಎಂದು ಕತೆ ಹೇಳುತ್ತಾರೆ.

ಆ ಡ್ರೈವರನ್ನು ಕಂಡು ನಗಬೇಡಿ. ಅವನ ಅನುಮಾನ ನ್ಯಾಯವಾದದ್ದೇ. ಸಂದೇಶ ಕಳಿಸಿದ ಮಾತ್ರಕ್ಕೆ ಅದು ತಲುಪಿದಂತಾಯಿತೆ? ತಲುಪಿದರೂ ಸರಿಯಾಗಿ ತಲುಪಿತೆ? ಮುಂದೆ ರೈಲ್ವೆಗಳು ಕಟ್ಟಿಕೊಂಡ ಶಿಸ್ತೆಲ್ಲ ಈ ಅನುಮಾನದಿಂದಲೇ ಹುಟ್ಟಿತು. ತಂತಿಯಲ್ಲಿ ಬಂದ ಆದೇಶವನ್ನು ಬರೆದುಕೊಂಡವನು ಅಕ್ಷರ ಬಿಡದೆ ವಾಪಸು ಓದಿ ಹೇಳಬೇಕು. ಅದು ಸರಿ ಎಂದಮೇಲೆಯೇ ಗಾಡಿ ಕದಲಬೇಕು.

ನಮ್ಮ ಊರುಗಳ ಒಂಟಿ ಹಳಿಯ ಸ್ಟೇಷನ್ನುಗಳನ್ನು ನೆನಪಿಸಿಕೊಳ್ಳಿ. ಬೆತ್ತದ ದೊಡ್ಡ ಬಳೆಯಂಥದಕ್ಕೆ ಚೀಲ ಕಟ್ಟಿ, ಅದರಲ್ಲಿ ಟೋಕನ್ ಇಟ್ಟು, ಓಡುವ ಎಂಜಿನ್‌ನ ಡ್ರೈವರ್ ಕೈಗೆ ಕೊಡುತ್ತಿದ್ದುದನ್ನು ನಿಮ್ಮಲ್ಲಿ ಎಷ್ಟೋ ಜನ ಬೆರಗಿನಿಂದ ನೋಡಿರುತ್ತೀರಿ. ಆ ಟೋಕನ್ ಕೈಯಲ್ಲಿದ್ದರೆ ಮುಂದಿನ ಹಳಿ ನಿನ್ನದು ಎಂದರ್ಥ. ಸ್ಟೇಷನ್ ಮಾಸ್ತರರು ಫೋನಿನಲ್ಲಿ ಮಾತಾಡಿಕೊಳ್ಳುವಾಗ 'ಪ್ರೈವೇಟ್ ನಂಬರ್' ಕೊಟ್ಟು ಪಡೆಯುವುದೂ ಇದಕ್ಕೇ. ಬರೀ 'ಹೂಂ' ಎಂದರೆ ಸಾಲದು, ಒಪ್ಪಿಗೆಗೆ ಗುರುತು ಬೇಕು.

ಮೇಜಿನ ಮೇಲೂ ಅದೇ ಶಿಸ್ತು

ಮಾದರಿ ರೈಲುಗಳಲ್ಲಿ ಬಹಳ ಜನಪ್ರಿಯವಾದ ಅಳತೆಗೆ 'ಎಚ್‌ಒ' ಎಂದು ಹೆಸರು. ನಿಜವಾದದ್ದರ 87ನೇ ಒಂದು ಭಾಗ. ಹಳಿಯ ಅಗಲ 16.5 ಮಿಲಿಮೀಟರ್. ನೀವು ಊರಿಗೆ ಹೋಗುವಾಗ ಹತ್ತಿದ ಐಸಿಎಫ್ ಬೋಗಿ ಸುಮಾರು 21.3 ಮೀಟರ್ ಉದ್ದ. ಈ ಲೆಕ್ಕದಲ್ಲಿ ಅದು ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್ ಆಗುತ್ತದೆ, ಒಂದು ಗೇಣಿಗಿಂತ ತುಸು ಹೆಚ್ಚು.

ಹಳೆಯ ಪದ್ಧತಿಯಲ್ಲಿ ಹಳಿಗೆ 12 ವೋಲ್ಟ್‌ವರೆಗಿನ ವಿದ್ಯುತ್ ಕೊಡುತ್ತಿದ್ದರು. ಹೆಚ್ಚು ಕೊಟ್ಟರೆ ವೇಗ, ಕಡಿಮೆ ಕೊಟ್ಟರೆ ನಿಧಾನ. ತೊಂದರೆ ಏನೆಂದರೆ, ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಓಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಇದನ್ನು ಬಿಡಿಸಲು ಹವ್ಯಾಸಿಗಳು ರೇಡಿಯೊ ವಿದ್ಯೆಯ ಮೊರೆಹೊಕ್ಕರು. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಹೊರತಂದ 'ಆಸ್ಟ್ರ್ಯಾಕ್' ಎಂಬ ಸಾಧನ, ರೇಡಿಯೊ ನಿಲಯಗಳಂತೆ ಬೇರೆ ಬೇರೆ ಆವರ್ತನಗಳನ್ನು ಹಳಿಯ ಮೇಲೆ ಕಳಿಸಿ ಐದು ಎಂಜಿನ್‌ಗಳನ್ನು ಬೇರೆಬೇರೆಯಾಗಿ ಓಡಿಸುತ್ತಿತ್ತು.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಜರ್ಮನಿಯ ಲೆಂಜ್ ಕಂಪನಿಯ ವಿಧಾನವನ್ನು ಆಧರಿಸಿ, ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದಕ್ಕೊಂದು ಸಮಾನ ಮಾನದಂಡ ಮಾಡಿತು. ಇದರ ಒಳಗುಟ್ಟು ಕನ್ನಡಿಗರಿಗೆ ಬಲು ಸುಲಭ. ಶಾಲೆಯಲ್ಲಿ ಪದ್ಯಕ್ಕೆ ಲಘು, ಗುರು ಹಾಕಿದ್ದು ನೆನಪಿದೆಯಲ್ಲ? ಅಷ್ಟೇ! ಮೋರ್ಸ್ ಸಂಕೇತದಲ್ಲಿ ಚುಕ್ಕೆ ಲಘು, ಗೆರೆ ಗುರು. ಛಂದಸ್ಸಿನ ಗುರುವಿಗೆ ಎರಡು ಮಾತ್ರೆಯಾದರೆ ಮೋರ್ಸ್ ಗೆರೆಗೆ ಮೂರು ಚುಕ್ಕೆಯ ಕಾಲ. ಡಿಸಿಸಿಯಲ್ಲೂ ಹೀಗೇ. ವಿದ್ಯುತ್ತು ಹಳಿಯಲ್ಲಿ ಅತ್ತಿತ್ತ ದಿಕ್ಕು ಬದಲಿಸುತ್ತಿರುತ್ತದೆ. ಒಂದೊಂದು ದಿಕ್ಕಿನಲ್ಲಿ 58 ಮೈಕ್ರೊಸೆಕೆಂಡ್ ನಿಂತರೆ ಅದು 'ಒಂದು', 100 ಮೈಕ್ರೊಸೆಕೆಂಡ್ ನಿಂತರೆ ಅದು 'ಸೊನ್ನೆ'. ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಟ್ರಾನ್ಸಿಸ್ಟರ್‌ನಲ್ಲಿ ಕೇಳಿದ ಆ ಗುಂಯ್‌ಕಾರ ಈ ಲಘು ಗುರುಗಳದ್ದೇ.

ಪ್ರತಿ ಸಂದೇಶವೂ ಒಂದು ಕಾರ್ಡಿನಂತೆ. ಮೊದಲು 'ಕೇಳಿಸಿಕೊಳ್ಳಿ' ಎನ್ನುವ 'ಒಂದು'ಗಳ ಸಾಲು, ಆಮೇಲೆ ವಿಳಾಸ, ಆಮೇಲೆ ಆಜ್ಞೆ. ಹಳಿಯ ಮೇಲಿರುವ ಎಲ್ಲ ಎಂಜಿನ್‌ಗಳಿಗೂ ಅದು ಕೇಳುತ್ತದೆ, ಆದರೆ ವಿಳಾಸದ ಎಂಜಿನ್ ಮಾತ್ರ ಪಾಲಿಸುತ್ತದೆ. ದಾದರ್ ಸ್ಟೇಷನ್ನಿನಲ್ಲಿ ಘೋಷಣೆ ಎಲ್ಲರ ಕಿವಿಗೂ ಬೀಳುತ್ತದೆ, ಆದರೆ ಉದ್ಯಾನ್ ಎಕ್ಸ್‌ಪ್ರೆಸ್ ಎಂದಾಗ ಪೆಟ್ಟಿಗೆ ಎತ್ತುವವರು ಬೆಂಗಳೂರಿಗೆ ಹೊರಟವರು ಮಾತ್ರ ತಾನೆ?

ಈಗ ಮುಖ್ಯವಾದದ್ದು. ಆ ಸಂದೇಶದ ಕೊನೆಯಲ್ಲಿ ಒಂದು ತಾಳೆಯ ಸಂಖ್ಯೆ ಇರುತ್ತದೆ, ಅಂಗಡಿಯ ಚೀಟಿಯ ಕೆಳಗೆ ಮೊತ್ತ ಬರೆದಹಾಗೆ. ಎಂಜಿನ್ ಒಳಗಿನ ಡಿಕೋಡರ್ ತಾನೂ ಲೆಕ್ಕ ಹಾಕಿ ನೋಡುತ್ತದೆ. ತಾಳೆಯಾಗದಿದ್ದರೆ ಸಂದೇಶವನ್ನು ಕೈಬಿಡುತ್ತದೆ. ಹಳಿಯ ಮೇಲೆ ಧೂಳಿದ್ದು ಮಾತು ಕತ್ತರಿಸಿಹೋಗಬಹುದು ಎಂದೇ ನಿಯಂತ್ರಕ ಯಂತ್ರ ಆಜ್ಞೆಗಳನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತದೆ. 1851ರ ಆ ಡ್ರೈವರ್‌ನ ಅನುಮಾನ ಈಗ ಒಂದು ಪುಟ್ಟ ಚಿಪ್ಪಿನೊಳಗೆ ಕೂತಿದೆ!

ಹ್ಯಾಮ್‌ಗಳ ಮೇಜಿನಲ್ಲಿ

ಹ್ಯಾಮ್‌ಗಳ ಮೇಜಿಗೆ ಬನ್ನಿ. ಅದೇ ಬೆಸುಗೆ ಕಡ್ಡಿ, ಅದೇ ಮಲ್ಟಿಮೀಟರ್, ಹೆಚ್ಚುಕಡಿಮೆ ಅದೇ 12 ವೋಲ್ಟ್ ಪವರ್ ಸಪ್ಲೈ. ಶಿಸ್ತೂ ಅದೇ. ಮಾತಾಡುವ ಮುನ್ನ ಆಲಿಸು, ಆ ಆವರ್ತನದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ನೋಡು, ನಿನ್ನ ಗುರುತಿನ ಸಂಕೇತ ಹೇಳು, ಮುಖ್ಯ ಸಂದೇಶವಾದರೆ ವಾಪಸು ಓದಿಸಿ ಖಚಿತಮಾಡಿಕೊ. 'ಕ್ಯೂಎಸ್ಎಲ್' ಎಂಬ ಸಂಕೇತಕ್ಕೆ 'ನಿಮ್ಮ ಸಂದೇಶ ತಲುಪಿತು' ಎಂದೇ ಅರ್ಥ. ರೇಡಿಯೊ ನಿಲಯಗಳಿಗೆ ವರದಿ ಬರೆದು ಬಣ್ಣದ ಕ್ಯೂಎಸ್ಎಲ್ ಕಾರ್ಡ್ ತರಿಸಿಕೊಂಡ ಹಳೆಯ ಕೇಳುಗರು ನಮ್ಮಲ್ಲೂ ಇದ್ದೀರಿ. ಹ್ಯಾಮ್‌ಗಳು ಪರಸ್ಪರ ಕಳಿಸುವುದೂ ಅಂಥದೇ ಕಾರ್ಡು. ವಿದಾಯಕ್ಕೆ ಅವರು ಹೇಳುವ '73' ಕೂಡ ಹಳೆಯ ತಂತಿ ಕಚೇರಿಗಳಿಂದ ಬಂದ ಬಳುವಳಿ.

ಎರಡೂ ಹವ್ಯಾಸ ಬೆರೆತದ್ದಕ್ಕೆ ಕೆಲವು ಉದಾಹರಣೆ ಕೊಡಬಹುದು. ಅಮೆರಿಕದ ಮಾದರಿ ರೈಲು ಕೂಟಗಳಲ್ಲಿ ಒಬ್ಬರು ಬೇರೆ ಕೋಣೆಯಲ್ಲಿ ಕೂತು ಕಂಟ್ರೋಲರ್ ಆಗುತ್ತಾರೆ. ಅವರಿಗೆ ರೈಲು ಕಾಣುವುದಿಲ್ಲ. ಕೈ ರೇಡಿಯೊದಲ್ಲಿ ಬರುವ ಮಾತು ಮಾತ್ರ ಆಧಾರ. ಆದೇಶ ವಾಪಸು ಓದದೆ ಹೊರಟರೆ ಎರಡು ಗಾಡಿ ಎದುರುಬದುರು ಆಗುವುದು ಖಚಿತ. ಅಲ್ಲಿ ಪರವಾನಗಿ ಪಡೆದ ಹ್ಯಾಮ್‌ಗಳು ಒಂದು ವ್ಯಾಟ್ ಮೀರದ ಶಕ್ತಿಯಲ್ಲಿ ಮಾದರಿಗಳನ್ನು ರೇಡಿಯೊದಿಂದ ಓಡಿಸಲು ಕಾನೂನೇ ಅವಕಾಶ ಕೊಟ್ಟಿದೆ. ಬ್ರಿಟನ್ನಿನಲ್ಲಿ ಹ್ಯಾಮ್‌ಗಳು ಸೆಪ್ಟೆಂಬರ್ ತಿಂಗಳಲ್ಲಿ 'ರೈಲ್ವೇಸ್ ಆನ್ ದಿ ಏರ್' ಎಂಬ ಕೂಟ ನಡೆಸಿಕೊಂಡು ಬಂದಿದ್ದಾರೆ. ಹಳೆಯ ರೈಲ್ವೆ ಸ್ಟೇಷನ್ನುಗಳಲ್ಲಿ ತಾತ್ಕಾಲಿಕ ರೇಡಿಯೊ ಹೂಡಿ, 1825ರ ಸೆಪ್ಟೆಂಬರ್ 27ರಂದು ಶುರುವಾದ ಸ್ಟಾಕ್ಟನ್-ಡಾರ್ಲಿಂಗ್ಟನ್ ರೈಲುಮಾರ್ಗವನ್ನು ನೆನೆಯುತ್ತಾರೆ.

ಎರಡೂ ಜಗಳವಾಡಿದಾಗ

ಒಂದೇ ಮನೆಯಲ್ಲಿ ಎರಡೂ ಇದ್ದರೆ ಸಣ್ಣ ಜಗಳ ತಪ್ಪದು. ಹಳಿಯ ಕೆಳಗೆ ಹಾಯಿಸಿದ ಉದ್ದನೆಯ ತಂತಿಗಳು ಆಂಟೆನಾದಂತೆ ವರ್ತಿಸಿ ಶಾರ್ಟ್‌ವೇವ್‌ನಲ್ಲಿ ಕರಕರೆ ಎಬ್ಬಿಸುತ್ತವೆ. ಇತ್ತ ಹ್ಯಾಮ್ ಪ್ರಸಾರ ಶುರುಮಾಡಿದರೆ ರೈಲು ಎಲ್ಲಿದೆ ಎಂದು ಪತ್ತೆಮಾಡುವ ಸರ್ಕಿಟ್‌ಗಳು ತಪ್ಪು ಸೂಚನೆ ಕೊಡಬಹುದು. ಪರಿಹಾರ ಸರಳ. ಹಳಿಗೆ ಹೋಗುವ ಎರಡು ತಂತಿಗಳನ್ನು ಜಡೆಯಂತೆ ಒಂದಕ್ಕೊಂದು ಹೊಸೆಯಿರಿ, ಆಗ ಒಂದರ ಸದ್ದನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ. ತಂತಿಗಳಿಗೆ ಫೆರೈಟ್ ಉಂಗುರ ಹಾಕಿ. ಆಂಟೆನಾವನ್ನು ರೈಲಿನ ಕೋಣೆಯಿಂದ ದೂರ ಒಯ್ಯಿರಿ. ಅಷ್ಟಾದರೂ ಆಗದಿದ್ದರೆ ಒಂದು ಹೊತ್ತಿಗೆ ಒಂದೇ ಹವ್ಯಾಸ!

ನಮ್ಮಲ್ಲಿ ಇನ್ನೊಂದು ಎಚ್ಚರ ಬೇಕು. ವಿದೇಶದಿಂದ ಬಂದ ಅಣ್ಣನೋ ಭಾವನೋ ವೈರ್‌ಲೆಸ್ ನಿಯಂತ್ರಕ ತಂದುಕೊಟ್ಟರೆ ಅದರ ಆವರ್ತನ ನೋಡಿ. ಅಮೆರಿಕದಲ್ಲಿ ಮಾರುವ ಕೆಲವು 900 ಮೆಗಾಹರ್ಟ್ಸ್ ಸುತ್ತ ಕೆಲಸ ಮಾಡುತ್ತವೆ. ಭಾರತದಲ್ಲಿ ಅದೇ ಆಸುಪಾಸಿನಲ್ಲಿ ಮೊಬೈಲ್ ಸೇವೆಗಳಿವೆ, ಆ ಪಟ್ಟಿ ಪರವಾನಗಿ ಇಲ್ಲದ ಬಳಕೆಗೆ ಬಿಟ್ಟದ್ದಲ್ಲ. ಅದರ ಬದಲು ಮನೆಯ ವೈಫೈ ಸಾಕು. ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶ ಇದ್ದರೆ ನಿಮ್ಮ ಮೊಬೈಲ್ ಫೋನೇ ರೈಲಿನ ಹಿಡಿಕೆಯಾಗುತ್ತದೆ.

ಹಾಗೆಯೇ, ಅಂತರ್ಜಾಲದ ಅಂಗಡಿಯಲ್ಲಿ ಹ್ಯಾಮ್ ಸೆಟ್ ಸಿಕ್ಕಿತೆಂದು ಒತ್ತಿ ಮಾತಾಡಬೇಡಿ. ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ, ಪರವಾನಗಿ ಪಡೆದು, 'ವಿಯು' ಎಂದು ಶುರುವಾಗುವ ಸ್ವಂತ ಸಂಕೇತ ಸಿಕ್ಕ ಮೇಲೆಯೇ ಪ್ರಸಾರ. ಪರೀಕ್ಷೆಯಲ್ಲಿ ಕೇಳುವುದು ವಿದ್ಯುತ್ತಿನ, ರೇಡಿಯೊದ ಮೂಲಪಾಠ ಮತ್ತು ನಿಯಮಗಳು. ಮಾದರಿ ರೈಲಿಗೆ ತಂತಿ ಎಳೆದು ಕೈ ಪಳಗಿದವರಿಗೆ ಅರ್ಧ ಪಾಠ ಆಗಲೇ ಬಂದಿರುತ್ತದೆ.

ಆಟವೇ ಇರಬಹುದು, ಆದರೆ...

'ಇಷ್ಟೆಲ್ಲ ಯಾಕೆ? ಫೋನ್ ಇದೆಯಲ್ಲ' ಎಂದು ನೀವು ಕೇಳಬಹುದು. 2001ರ ಜನವರಿಯಲ್ಲಿ ಭುಜ್ ಭೂಕಂಪವಾದಾಗ ಫೋನುಗಳು ಸತ್ತಿದ್ದವು, ಹ್ಯಾಮ್‌ಗಳು ಸಂದೇಶ ದಾಟಿಸಿದರು. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ನಮ್ಮ ಹ್ಯಾಮ್‌ಗಳ ತಂಡವೊಂದು ಈಗ ಶ್ರೀ ವಿಜಯ ಪುರಂ ಎನಿಸಿಕೊಂಡಿರುವ ಪೋರ್ಟ್ ಬ್ಲೇರ್‌ನಲ್ಲೇ ಇತ್ತು. ದೂರದ ದೇಶದವರೊಡನೆ ಮಾತಾಡುವ ಸಂತೋಷಕ್ಕೆ ಹೋಗಿದ್ದವರು, ದ್ವೀಪಗಳಿಂದ ಹೊರಜಗತ್ತಿಗೆ ಸುದ್ದಿ ತಲುಪಿಸುವ ಕೆಲಸಕ್ಕೆ ನಿಂತರು. ಯಾರು ಬದುಕಿದ್ದಾರೆ, ಎಲ್ಲಿದ್ದಾರೆ ಎಂಬ ಸಂದೇಶದಲ್ಲಿ ಒಂದು ಹೆಸರು ತಪ್ಪಾಗಿ ಕೇಳಿದರೆ ಏನಾಗಬಹುದು ಯೋಚಿಸಿ. ವಾಪಸು ಓದಿ ಹೇಳುವ ಅಭ್ಯಾಸ ಅಂಥ ದಿನ ಹೊಸದಾಗಿ ಕಲಿಯುವಂಥದಲ್ಲ. ಬಿಡುವಿನ ಸಂಜೆಗಳಲ್ಲಿ, ಆಟವಾಡುತ್ತ, ನಾಲಿಗೆಗೆ ರೂಢಿಯಾಗಿರಬೇಕು.

ಆದ್ದರಿಂದ ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಡಿ. ಪುಣೆಯವರಿಗೆ ಕೋಥ್ರೂಡ್‌ನಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯವಿದೆ. ದೆಹಲಿಯವರಿಗೆ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಸಂಗ್ರಹಾಲಯವಿದೆ. ಹೈದರಾಬಾದಿನವರಿಗೆ ಹ್ಯಾಮ್ ಕಲಿಸುವ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆ ಅಲ್ಲೇ ಇದೆ. ರಜೆಗೆ ಮೈಸೂರಿಗೆ ಹೋದರೆ ಅಲ್ಲಿನ ರೈಲು ಸಂಗ್ರಹಾಲಯವನ್ನೂ ಮರೆಯಬೇಡಿ.

ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಗುಜರಿಗೆ ಹಾಕಬೇಡಿ. ನಿಮ್ಮಲ್ಲಿ ಯಾರಾದರೂ ರೈಲ್ವೆಯಲ್ಲಿ ತಂತಿ ಕೆಲಸ ಮಾಡಿದವರೋ, ಟೋಕನ್ ಕೊಟ್ಟವರೋ ಇದ್ದರೆ ನಿಮ್ಮ ನೆನಪುಗಳನ್ನು ನಮಗೆ ಬರೆದು ಕಳಿಸಿ. ಪತ್ರ ತಲುಪಿದರೆ ತಲುಪಿತೆಂದು ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ತಪ್ಪದೆ ಹೇಳುತ್ತೇವೆ.

ಅಲ್ಲಿಯವರೆಗೆ, ಹ್ಯಾಮ್‌ಗಳ ಮಾತಿನಲ್ಲೇ ಹೇಳುವುದಾದರೆ, ಎಲ್ಲರಿಗೂ 73!