ಮಂಗಳೂರಿನಲ್ಲಿ ಅಚ್ಚಾದ ಗಾಳದ ಪುಸ್ತಕ, ನೀಲಗಿರಿಗೆ ವಲಸೆ ಬಂದ ಮೀನು

ಚೆನ್ನೈ: ತುಂಗೆ, ನೇತ್ರಾವತಿ, ಕಾವೇರಿಯ ದಂಡೆಯಲ್ಲಿ ಬಾಲ್ಯ ಕಳೆದು ಉದ್ಯೋಗ ನಿಮಿತ್ತ ಚೆನ್ನೈಗೆ ಬಂದ ಕನ್ನಡಿಗರು ಮೊದಲು ಹುಡುಕುವುದು ಬಾಡಿಗೆ ಮನೆ, ಮಕ್ಕಳಿಗೆ ಶಾಲೆ ಮತ್ತು ಕುಡಿಯುವ ನೀರು. ಅವರು ಬಾಯಿಬಿಟ್ಟು ಹೇಳದ ನಾಲ್ಕನೆಯದೊಂದಿದೆ. ಭಾನುವಾರ ಹೋಗಿ ಕಾಲು ಇಳಿಬಿಟ್ಟು ಕೂರಲು ಒಂದು ಹೊಳೆ. ಗಾಳ ಹಾಕುವ ಚಟ ಇದ್ದವರಿಗಂತೂ ಕೂವಂ ಸೇತುವೆ ದಾಟುವಾಗ ಬಸ್ಸಿನ ಕಿಟಕಿ ಮುಚ್ಚುವುದೊಂದೇ ಉಳಿದಿರುವ ಕೆಲಸ.

ಈ ಊರಿನಲ್ಲಿ ನೀರಿಗೂ ಮೀನಿಗೂ ಎಂದೂ ಬರವಿತ್ತೆಂದಲ್ಲ. ಬಿ.ಸುಂದರರಾಜ್ ಅವರು 1916ರಲ್ಲಿ ಮದ್ರಾಸಿನ ಸಿಹಿನೀರಿನ ಮೀನುಗಳ ಬಗ್ಗೆ ವಿವರವಾದ ಪ್ರಬಂಧವನ್ನೇ ಪ್ರಕಟಿಸಿದ್ದರು. ನಮ್ಮ ಕರ್ನಾಟಕ ಸಂಘದ ಶಾಲೆ ಇರುವ ಟಿ.ನಗರ ಬಡಾವಣೆ ಎದ್ದು ನಿಂತದ್ದು 1920ರ ದಶಕದಲ್ಲಿ, ಮಾಂಬಲದ ದೊಡ್ಡ ಕೆರೆಯನ್ನು ಬರಿದು ಮಾಡಿದ ನಂತರ. ಪಶ್ಚಿಮ ಮಾಂಬಲದ ಲೇಕ್ ವ್ಯೂ ರಸ್ತೆಗೆ ಆ ಹೆಸರು ಉಳಿದಿದೆ, ಲೇಕ್ ಮಾತ್ರ ಇಲ್ಲ.

ಕಲೆಕ್ಟರ್ ಸಾಹೇಬರ ಗಾಳ

ಹೊಸ ಊರಿಗೆ ಬಂದು ಹೊಳೆ ಹುಡುಕಿದವರಲ್ಲಿ ನಾವೇ ಮೊದಲಿಗರಲ್ಲ. ಮದ್ರಾಸ್ ಸಿವಿಲ್ ಸರ್ವಿಸ್‌ನ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಆಗ ಮಂಗಳೂರಿನ ಆಡಳಿತವೆಲ್ಲ ಮದ್ರಾಸಿನಿಂದಲೇ ನಡೆಯುತ್ತಿತ್ತು. ಇಂಗ್ಲೆಂಡಿನ ತಣ್ಣನೆ ತೊರೆಗಳಲ್ಲಿ ಟ್ರೌಟ್ ಮೀನು ಹಿಡಿಯುವುದು ಅವರ ದೇಶದವರಿಗೆ ದೊಡ್ಡ ಹುಚ್ಚು. ಹಕ್ಕಿಯ ಪುಕ್ಕ ಮತ್ತು ದಾರದಿಂದ ಕೊಕ್ಕೆಗೆ ಹುಳುವಿನ ವೇಷ ಕಟ್ಟಿ ನೀರ ಮೇಲೆ ಬೀಸುತ್ತಾರೆ. ಕೊಕ್ಕೆಗೆ ತೂಕವೇ ಇರುವುದಿಲ್ಲ; ದಾರದ ತೂಕದಿಂದಲೇ ಅದು ದೂರ ಹೋಗಿ ಬೀಳಬೇಕು. ನಿಜವಾದ ಹುಳುವೆಂದು ಮೀನು ಮೋಸಹೋಗಬೇಕು. ಇದೇ ಫ್ಲೈ ಫಿಶಿಂಗ್.

ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಟ್ರೌಟ್ ಇರಲಿಲ್ಲ. ಥಾಮಸ್ ಅದಕ್ಕಾಗಿ ಕೊರಗುತ್ತ ಕೂರದೆ ಇಲ್ಲಿನ ಮಹಶೀರ್ ಮೀನಿನ ಸ್ವಭಾವವನ್ನು ಮೊದಲಿನಿಂದ ಕಲಿತರು. ತೂಕಕ್ಕೆ ತೂಕ ಹೋಲಿಸಿದರೆ ಗಾಳ ಹಾಕುವವನಿಗೆ ತಮ್ಮ ನಾಡಿನ ಸಾಲ್ಮನ್‌ಗಿಂತ ಮಹಶೀರೇ ಮಿಗಿಲೆಂದು ಬರೆದರು. ಅವರ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ. ಮುಂದೆ 1894ರಲ್ಲಿ ಕಿಟೆಲ್ಲರ ಕನ್ನಡ ನಿಘಂಟು ಹೊರಬಂದದ್ದೂ ಅಲ್ಲಿಂದಲೇ.

ಥಾಮಸ್ ಬರೀ ಮೋಜಿನ ಮನುಷ್ಯರಾಗಿರಲಿಲ್ಲ. ಮೀನು ಬಡವರ ಊಟ, ಮರಿಗಳನ್ನೇ ಬಳಿದುಕೊಂಡರೆ ನಾಳೆಗೆ ಉಳಿಯುವುದೇನು ಎಂಬ ಚಿಂತೆ ಅವರಿಗಿತ್ತು. ದಕ್ಷಿಣ ಕನ್ನಡದ ಮತ್ಸ್ಯಕೃಷಿ ಬಗ್ಗೆ 1870ರಲ್ಲೇ ವರದಿ ಬರೆದಿದ್ದರು. ವಿಷ ಬೆರೆಸಿ, ಡೈನಮೈಟ್ ಸಿಡಿಸಿ ಮೀನು ಹಿಡಿಯುವುದನ್ನು ನಿಷೇಧಿಸುವ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ.

ಮೀನಿನ ವಲಸೆ

ಎಲ್ಲರಿಗೂ ಥಾಮಸರ ತಾಳ್ಮೆ ಇರಲಿಲ್ಲ. ಊಟಿಯಲ್ಲಿ ನೆಲೆಸಿದ್ದವರಿಗೆ ತಮ್ಮೂರಿನ ಮೀನೇ ಬೇಕಿತ್ತು. 'ಭಾರತದ ಮೀನುಗಳು' ಗ್ರಂಥ ಬರೆದ ವೈದ್ಯ ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ಟ್ರೌಟ್ ಮೊಟ್ಟೆಗಳನ್ನು ನೀಲಗಿರಿಗೆ ತರಿಸಲು ಪ್ರಯತ್ನಿಸಿದರು, ಕೈಗೂಡಲಿಲ್ಲ. ಪಾಚಿಯ ನಡುವೆ ಇಟ್ಟು, ಮಂಜುಗಡ್ಡೆ ಹೊದಿಸಿ ತಂದರೂ ಹಡಗಿನ ಪ್ರಯಾಣದ ಸೆಕೆ ಮೊಟ್ಟೆಗಳಿಗೆ ಆಗದು. ಟ್ರೌಟ್‌ಗೆ ಸದಾ ಹರಿಯುವ, ಉಸಿರು ತುಂಬಿದ ತಣ್ಣೀರು ಬೇಕು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದಕ್ಕೆ ಕಷ್ಟಕಾಲ. ಚೆನ್ನೈ ಸೆಕೆಗೆ ಬೈಯುವವರು ಆ ಮೀನಿನ ಕಷ್ಟ ಊಹಿಸಬಹುದು.

ಕೊನೆಗೆ ಕೆಲಸ ಕೈಗೂಡಿದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಮದ್ರಾಸ್ ಸರ್ಕಾರದ ಮತ್ಸ್ಯತಜ್ಞ ಎಚ್.ಸಿ.ವಿಲ್ಸನ್ ಊಟಿಯಿಂದ ಸುಮಾರು 25 ಕಿ.ಮೀ. ದೂರದ ಅವಲಾಂಚಿಯಲ್ಲಿ 1907ರಲ್ಲಿ ಮರಿ ಕೇಂದ್ರ ಆರಂಭಿಸಿದರು. ನೆಲೆ ನಿಂತದ್ದು ಇಂಗ್ಲಿಷರ ಕಂದು ಟ್ರೌಟ್ ಅಲ್ಲ, ಉತ್ತರ ಅಮೆರಿಕದ ಮೂಲದ ಮಳೆಬಿಲ್ಲಿನ ಟ್ರೌಟ್. ಅದು ತುಸು ಹೆಚ್ಚಿನ ಬಿಸಿಯನ್ನೂ ತಾಳಿಕೊಳ್ಳುತ್ತದೆ.

ಅದೇ 1907ರಲ್ಲಿ ಮದ್ರಾಸಿನಲ್ಲಿ ಮೀನುಗಾರಿಕೆ ಇಲಾಖೆಗೆ ಬುನಾದಿ ಹಾಕಿದವರು ಫ್ರೆಡರಿಕ್ ನಿಕಲ್ಸನ್. ಬ್ಯಾಂಕ್, ಸಹಕಾರ ಸಂಘಗಳಲ್ಲಿ ಕೆಲಸ ಮಾಡುವ ನಮ್ಮ ಸದಸ್ಯರಿಗೆ ಈ ಹೆಸರು ಪರಿಚಿತ. ಅವರ ಕೃಷಿ ಬ್ಯಾಂಕುಗಳ ವರದಿಯೇ 1904ರ ಸಹಕಾರ ಕಾಯ್ದೆಗೆ ದಾರಿ ಮಾಡಿದ್ದು. ಮರುವರ್ಷ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಆರಂಭಿಸಿದ ಸಂಗತಿ ಕನ್ನಡಿಗರೆಲ್ಲರ ಹೆಮ್ಮೆ.

ಮೊದಲೇ ಬಂದ ಬಡಗರು

ಅವಲಾಂಚಿ, ಎಮರಾಲ್ಡ್ ಸುತ್ತಲಿನ ಊರುಗಳಲ್ಲಿ ಕಿವಿಗೊಟ್ಟು ಕೇಳಿದರೆ ಕನ್ನಡಿಗನಿಗೆ ಅಚ್ಚರಿ ಕಾದಿದೆ. ಊರನ್ನು 'ಹಟ್ಟಿ' ಎನ್ನುವ ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರ. ಕೆಲವು ಶತಮಾನಗಳ ಹಿಂದೆ ಉತ್ತರದ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂದು ಇವರಿಗೆ ಬಡಗರೆಂದು ಹೆಸರು. ಬಡಗು ಎಂದರೆ ಉತ್ತರ ದಿಕ್ಕು ತಾನೆ? ಬಂದ ದಿಕ್ಕನ್ನೇ ಹೆಸರಾಗಿ ಇಟ್ಟುಕೊಂಡು, ಮಾತನ್ನು ಉಳಿಸಿಕೊಂಡು, ಆ ಬೆಟ್ಟದವರೇ ಆಗಿಹೋದ ಇವರ ಕತೆಯಲ್ಲಿ ನಮ್ಮ ಸಂಘಗಳಿಗೂ ಪಾಠವಿದೆ.

ಇದ್ದ ಮೀನಿನ ಗತಿ

ಹೊರಗಿನ ಮೀನಿಗೆ ಇಷ್ಟೆಲ್ಲ ಉಪಚಾರ ನಡೆದರೆ ನಮ್ಮ ಮೀನಿಗೆ ಆದದ್ದೇನು? ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅಂಥ ದೈತ್ಯ ಮೀನು, ಕಾವೇರಿ ಕಣಿವೆಯ ಡುಬ್ಬದ ಮಹಶೀರ್, ಯಾವ ಜಾತಿಯದೆಂದು ವಿಜ್ಞಾನಿಗಳು ಖಚಿತಪಡಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟೆ, ಮರಳು ಗಣಿಗಾರಿಕೆ, ಡೈನಮೈಟ್ ಜೊತೆಗೆ ಬೇರೆ ಕಡೆಯಿಂದ ತಂದುಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಕೂಡ ಅದಕ್ಕೆ ಮುಳುವಾಯಿತು. ಒಳ್ಳೆಯದಾಗಲೆಂದು ಮಾಡಿದ ಕೆಲಸವೇ ಕೆಡುಕಾಯಿತು. ನೀಲಗಿರಿಯ ಸೆರಗಿನ ಮೋಯಾರ್ ನದಿಯಲ್ಲಿ ಡುಬ್ಬದ ಮಹಶೀರ್ ಇನ್ನೂ ಉಳಿದಿರುವುದೇ ಸಮಾಧಾನ.

ಬಂದದ್ದು ಬಾಳಲಿ, ಆದರೆ ಮೊದಲಿನಿಂದ ಇದ್ದದ್ದೂ ಬಾಳಬೇಕು. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಪುರಿ ಹಾಕಿ ಕೈಮುಗಿದು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಾತ್ರಿ ಸೆಂಟ್ರಲ್‌ನಲ್ಲಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಮೇಟ್ಟುಪಾಳ್ಯ. ಅಲ್ಲಿಂದ ಬೆಟ್ಟ ಏರಬಹುದು. ಗಾಳ ಒಯ್ಯುವ ಆಸೆ ಇದ್ದವರು ಮೊದಲು ಊಟಿಯ ಮೀನುಗಾರಿಕೆ ಇಲಾಖೆ ಮತ್ತು ಅರಣ್ಯ ಇಲಾಖೆಗಳಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ಮುಕುರ್ತಿ ರಾಷ್ಟ್ರೀಯ ಉದ್ಯಾನದಂಥ ರಕ್ಷಿತ ಅರಣ್ಯದ ನೀರಿನಲ್ಲಿ ಗಾಳ ಹಾಕುವಂತಿಲ್ಲ. ಮಳೆಗಾಲದಲ್ಲಂತೂ ಎಚ್ಚರ ಬೇಕು. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 82 ಸೆಂ.ಮೀ. ಮಳೆ ಸುರಿದಿತ್ತು.

ಗಾಳ ಇಲ್ಲದಿದ್ದರೂ ನಷ್ಟವಿಲ್ಲ. ಮಕ್ಕಳನ್ನು ಕರೆದೊಯ್ದು, ಯಾವುದಾದರೂ ಹಟ್ಟಿಯ ಹಿರಿಯರೊಡನೆ ಕನ್ನಡದಲ್ಲೇ ಮಾತಿಗಿಳಿದು ನೋಡಿ. ಉತ್ತರ ಬರುತ್ತದೆ.